ಅಜ್ಜಿಯ ಅವ್ವನ ಹೆಸರೇನು? ಇಂಗ್ಲೆಂಡಿನ ಚರ್ಚಿನ ವಹಿಯಿಂದ ಶ್ರವಣಬೆಳಗೊಳದ ಕಲ್ಲಿನವರೆಗೆ

ಸಂಕ್ರಾಂತಿ ಕಳೆದ ಮೇಲೆ ನಮ್ಮ ಮಹಿಳಾ ವಿಭಾಗದ ಅರಿಶಿನ-ಕುಂಕುಮದಲ್ಲಿ ಒಂದು ಆಟ ಆಡಿದ್ದು ನಿಮ್ಮಲ್ಲಿ ಕೆಲವರಿಗೆ ನೆನಪಿರಬಹುದು. ಒಬ್ಬೊಬ್ಬರೂ ಎದ್ದು ನಿಂತು ತಾಯಿಯ ಹೆಸರು, ತಾಯಿಯ ತಾಯಿಯ ಹೆಸರು, ಅವರ ತಾಯಿಯ ಹೆಸರು ಹೇಳಬೇಕು. ಎಲ್ಲಿ ನಿಲ್ಲುತ್ತೀರೋ ಅಲ್ಲಿ ಔಟ್. ಎಳ್ಳು-ಬೆಲ್ಲ ಹಂಚಿ ಮುಗಿಯುವುದರೊಳಗೆ ಆಟವೂ ಮುಗಿದಿತ್ತು. ಹೆಚ್ಚಿನವರು ಎರಡನೆಯ ಮೆಟ್ಟಿಲಿಗೇ ಔಟ್. ಮೂರನೆಯದನ್ನು ದಾಟಿದವರು ಒಬ್ಬರೇ ಹಿರಿಯರು. ನಾನು ಮೂರನೆಯದರಲ್ಲಿ ನಿಂತೆ. ಅಜ್ಜಿಯ ಅವ್ವನನ್ನು ಮನೆಯಲ್ಲಿ ಎಲ್ಲರೂ "ದೊಡ್ಡವ್ವ" ಎಂದೇ ಕರೆಯುತ್ತಿದ್ದರು. ದೊಡ್ಡವ್ವ ಎನ್ನುವುದು ಹೆಸರಲ್ಲವಲ್ಲ.

ಅದೇ ಆಟದಲ್ಲಿ ಅಪ್ಪನ ಕಡೆ, ಅಪ್ಪನ ಅಪ್ಪನ ಕಡೆ ಕೇಳಿದ್ದರೆ ನಾನು ಐದು ತಲೆಮಾರು ಗಡಗಡ ಹೇಳಿಬಿಡುತ್ತಿದ್ದೆ. ವಿಜಯಪುರದ ಕಡೆಯ ನಮ್ಮ ಊರಿಗೆ ಹೆಳವರು ಬರುತ್ತಿದ್ದರು. ಸುಗ್ಗಿ ಮುಗಿದ ಮೇಲೆ ಎತ್ತಿನ ಮೇಲೆ ಕೂತು ಬಂದು, ಮನೆಯ ಮುಂದೆ ನಿಂತು, ಮೂಲಪುರುಷನಿಂದ ಹಿಡಿದು ನಿನ್ನೆ ಹುಟ್ಟಿದ ಗಂಡುಮಗುವಿನವರೆಗೆ ವಂಶಾವಳಿ ಓದಿ, ಕಾಳು-ಕಡಿ, ಬಟ್ಟೆ, ದುಡ್ಡು ಪಡೆದು ಹೋಗುತ್ತಿದ್ದರು. ಅವರ ಹೊತ್ತಗೆಯಲ್ಲಿ ನಮ್ಮ ಮನೆಯ ಗಂಡಸರೆಲ್ಲ ಭದ್ರವಾಗಿದ್ದಾರೆ. ದೊಡ್ಡವ್ವ ಇಲ್ಲ.

ಈ ವಿಷಯ ಆ ದಿನವೇ ಮರೆತುಹೋಗುತ್ತಿತ್ತೇನೋ. ಆದರೆ ಆಫೀಸಿನಲ್ಲಿ ಬ್ರಿಟನ್ನಿನ ಕ್ಲೈಂಟ್ ಕಡೆ ಒಬ್ಬ ಹಿರಿಯ ಸಹೋದ್ಯೋಗಿ ಇದ್ದಾರೆ, ನಿವೃತ್ತಿಗೆ ಹತ್ತಿರ ಬಂದ ಹೆಂಗಸು. ಕಾಲ್ ಶುರುವಾಗುವ ಮುನ್ನ ಐದು ನಿಮಿಷ ಹರಟುವ ರೂಢಿ. ನಾನು ಈ ಆಟದ ಕಥೆ ಹೇಳಿದೆ. ಆಕೆ ನಕ್ಕು, "ನಾನು ನನ್ನ ತಾಯಿಯ ಕಡೆ ಎಂಟನೆಯ ತಲೆಮಾರಿನಲ್ಲಿದ್ದೇನೆ, ಅಲ್ಲಿಗೆ ತಲುಪಲು ಹನ್ನೊಂದು ವರ್ಷ ಬೇಕಾಯಿತು" ಎಂದರು. ಹೇಗೆ ಎಂದು ಕೇಳಿದೆ. ಅಲ್ಲಿಂದ ಶುರುವಾಯಿತು. ವಿಠ್ಠಲವಾಡಿಯಿಂದ ಠಾಣೆ, ಠಾಣೆಯಿಂದ ಐರೋಳಿ. ಈ ಲೋಕಲ್ ಪ್ರಯಾಣದಲ್ಲಿ ಸೀಟು ಸಿಕ್ಕ ದಿನ ನಾನು ಓದಿದ್ದು ಇದನ್ನೇ.

ಇಂಗ್ಲೆಂಡಿನಲ್ಲಿ 1538ರಲ್ಲಿ ಎಂಟನೆಯ ಹೆನ್ರಿ ರಾಜನ ಮಂತ್ರಿ ಥಾಮಸ್ ಕ್ರಾಮ್‌ವೆಲ್ ಒಂದು ಆಜ್ಞೆ ಹೊರಡಿಸಿದ: ಪ್ರತಿಯೊಂದು ಪ್ಯಾರಿಷ್‌ನಲ್ಲೂ, ಅಂದರೆ ಒಂದು ಚರ್ಚಿನ ವ್ಯಾಪ್ತಿಯ ಊರಿನಲ್ಲಿ, ದೀಕ್ಷಾಸ್ನಾನ, ಮದುವೆ, ಶವಸಂಸ್ಕಾರಗಳನ್ನು ಪಾದ್ರಿ ಒಂದು ವಹಿಯಲ್ಲಿ ಬರೆದಿಡಬೇಕು. ನಮ್ಮ ಕಡೆ ವಿಜಯನಗರ ಇನ್ನೂ ಉಚ್ಛ್ರಾಯದಲ್ಲಿದ್ದ ಕಾಲ ಅದು. ಬಡವ-ಬಲ್ಲಿದ ಭೇದವಿಲ್ಲದೆ ಎಲ್ಲರ ಹೆಸರೂ ಬರೆಯಬೇಕು ಎಂಬುದೇ ದೊಡ್ಡ ಮಾತು. ಮೊದಮೊದಲು ಕಾಗದದಲ್ಲಿ ಬರೆದದ್ದು ಹಾಳಾಗುತ್ತಿದೆ ಎಂದು 1598ರಲ್ಲಿ ಅದನ್ನು ಚರ್ಮಪತ್ರಕ್ಕೆ ನಕಲು ಮಾಡಿಸಿದರು. ಜೊತೆಗೆ ವರ್ಷಕ್ಕೊಮ್ಮೆ ಒಂದು ಪ್ರತಿ ಬಿಷಪ್‌ಗೆ ಕಳುಹಿಸಬೇಕು ಎಂದಾಯಿತು. ನಮ್ಮ ಭಾಷೆಯಲ್ಲಿ ಹೇಳುವುದಾದರೆ ಬ್ಯಾಕಪ್. ಊರಿನ ವಹಿಯನ್ನು ಇಲಿ ತಿಂದಿದ್ದರೂ ಬಿಷಪ್ಪನ ಪ್ರತಿಯಲ್ಲಿ ಹೆಸರು ಸಿಗುವುದುಂಟು.

ಈ ವಹಿಗಳನ್ನು ಓದುವವರಿಗೆ ಕೆಲವು ಗುಂಡಿಗಳಿವೆ. 1640ರಿಂದ 1660ರವರೆಗೆ ಅಂತರ್ಯುದ್ಧದ ಗದ್ದಲದಲ್ಲಿ ಎಷ್ಟೋ ಊರುಗಳಲ್ಲಿ ಪುಟಗಳೇ ಖಾಲಿ. 1733ರವರೆಗೆ ಕೆಲವು ಪಾದ್ರಿಗಳು ಲ್ಯಾಟಿನ್‌ನಲ್ಲಿ ಬರೆದರು. ಇನ್ನೊಂದು ನಮಗೆ ಬೇಗ ಅರ್ಥವಾಗುವಂಥದ್ದು: 1752ರವರೆಗೆ ಅಲ್ಲಿ ಹೊಸ ವರ್ಷ ಶುರುವಾಗುತ್ತಿದ್ದುದು ಮಾರ್ಚ್ 25ಕ್ಕೆ, ಹೆಚ್ಚುಕಡಿಮೆ ನಮ್ಮ ಯುಗಾದಿಯ ಸಮಯಕ್ಕೆ. ಹಾಗಾಗಿ 1710ರ ಏಪ್ರಿಲ್‌ನಲ್ಲಿ ಮದುವೆ, 1710ರ ಫೆಬ್ರವರಿಯಲ್ಲಿ ಮಗು ಎಂದು ಬರೆದಿದ್ದರೆ ಬಾಯಿಗೆ ಕೈ ಇಟ್ಟುಕೊಳ್ಳಬೇಕಾಗಿಲ್ಲ. ಆ ಫೆಬ್ರವರಿ ಏಪ್ರಿಲ್ ಆದ ಮೇಲೆ ಬಂದದ್ದು.

ಈಗ ನನ್ನ ಪ್ರಶ್ನೆಗೆ ಬರುತ್ತೇನೆ. ಈ ವಹಿಗಳಲ್ಲಿ ಹೆಂಗಸರು ಹೇಗಿದ್ದಾರೆ? ಹಳೆಯ ದೀಕ್ಷಾಸ್ನಾನದ ನಮೂದು ಎಷ್ಟೋ ಕಡೆ ಹೀಗಿರುತ್ತದೆ: ಜಾನ್, ಜಾನ್ ಸ್ಮಿತ್‌ನ ಮಗ. ಅಷ್ಟೇ. ಹೆತ್ತವಳ ಸುಳಿವಿಲ್ಲ. ಸತ್ತಾಗ "ಜಾನ್ ಸ್ಮಿತ್‌ನ ಹೆಂಡತಿ". ಮದುವೆಯಾಗದೆ ಮಗು ಹೆತ್ತವಳಿದ್ದರೆ ಮಾತ್ರ ಪಾದ್ರಿ ಅವಳ ಪೂರ್ತಿ ಹೆಸರು, ಅಡ್ಡಹೆಸರಿನ ಸಮೇತ, ಸ್ಪಷ್ಟವಾಗಿ ಬರೆಯುತ್ತಿದ್ದ. ಜೊತೆಗೆ ಮಗುವಿನ ಬಗ್ಗೆ ಒಂದು ಕೆಟ್ಟ ಮಾತನ್ನೂ ಸೇರಿಸುತ್ತಿದ್ದ. ಇದನ್ನು ಓದಿದ ದಿನ ನಾನು ಐರೋಳಿಯಲ್ಲಿ ಇಳಿಯುವುದನ್ನು ಮರೆತು ಮುಂದಿನ ಸ್ಟೇಷನ್ನಿಗೆ ಹೋಗಿದ್ದೆ. ಹೆಣ್ಣಿನ ಸ್ವಂತ ಹೆಸರು ದಾಖಲೆಯಲ್ಲಿ ಉಳಿಯಬೇಕಾದರೆ ಅವಳು ತಪ್ಪಿತಸ್ಥಳಾಗಬೇಕಿತ್ತೇ?

1754ರ ಮಾರ್ಚ್ 25ರಿಂದ ಹಾರ್ಡ್‌ವಿಕ್ ಕಾಯ್ದೆ ಜಾರಿಗೆ ಬಂತು. ಮದುವೆಯ ವಹಿ ಬೇರೆಯಾಯಿತು, ವಧು-ವರರಿಬ್ಬರೂ ಸಹಿ ಹಾಕಬೇಕಾಯಿತು. ಸಹಿ ಬಾರದವರು ಒಂದು ಗುಣಾಕಾರ ಚಿಹ್ನೆ. ನನ್ನ ಸಹೋದ್ಯೋಗಿ ಒಂದು ಪುಟದ ಚಿತ್ರ ಕಳುಹಿಸಿದ್ದರು. ಗಂಡನ ಸಹಿ ಸೊಟ್ಟಗೆ, ಹೆಂಡತಿಯದು ನಡುಗುವ ಒಂದು ಗುಣಾಕಾರ. ಇನ್ನೂರೈವತ್ತು ವರ್ಷದ ಹಿಂದೆ ಆ ಹೆಂಗಸು ತನ್ನ ಬದುಕಿನಲ್ಲಿ ಲೇಖನಿ ಹಿಡಿದದ್ದು ಬಹುಶಃ ಅದೊಂದೇ ಸಲ. 1813ರಿಂದ ರೋಸ್ ಕಾಯ್ದೆಯ ಪ್ರಕಾರ ಅಚ್ಚು ಹಾಕಿದ ಫಾರಂ ಬಂತು, ಪುಟಕ್ಕೆ ಎಂಟು ನಮೂದು. ಮಗುವಿನ ಹೆಸರು, ತಂದೆ-ತಾಯಿಯರ ಹೆಸರು, ವಾಸ, ತಂದೆಯ ಕಸುಬು. ತಾಯಿಗೆ ಒಂದು ಜಾಗ ಸಿಕ್ಕಿತು, ಆದರೆ ಮೊದಲ ಹೆಸರು ಮಾತ್ರ. ಮೇರಿ, ಆನ್, ಎಲಿಜಬೆತ್. ಆ ದೇಶದ ಅರ್ಧ ಹೆಂಗಸರು ಈ ಕೆಲವೇ ಹೆಸರುಗಳಲ್ಲಿ ಹಂಚಿಹೋಗಿದ್ದರು ಎಂದರೆ ಉತ್ಪ್ರೇಕ್ಷೆ ಆಗಲಾರದು. ಡೇಟಾಬೇಸ್ ಕೆಲಸ ಮಾಡುವವರಿಗೆ ಗೊತ್ತು, ಇಂಥ ಫೀಲ್ಡ್ ಇಟ್ಟುಕೊಂಡು ಎರಡು ಟೇಬಲ್ ಜೋಡಿಸಲು ಹೋದರೆ ಏನಾಗುತ್ತದೆ ಅಂತ. ತವರಿನ ಅಡ್ಡಹೆಸರು ಇಲ್ಲದಿದ್ದರೆ ತಾಯಿಯ ಕಡೆಯ ದಾರಿ ಅಲ್ಲಿಗೇ ಬಂದ್.

ನನ್ನ ಸಹೋದ್ಯೋಗಿಯ ದಾರಿಯೂ ಹಾಗೇ ಬಂದ್ ಆಗಿತ್ತು. ಅವರ ಒಬ್ಬ ಅಜ್ಜಿ, ತಾಯಿಯ ಕಡೆ ಆರನೆಯವಳು, ಊರಿನ ಚರ್ಚಿನಲ್ಲಿ ಮದುವೆಯಾಗಿದ್ದಾಳೆ, ಆದರೆ ಆ ಊರಿನಲ್ಲಾಗಲಿ ಸುತ್ತಮುತ್ತಲಾಗಲಿ ಹುಟ್ಟಿದ ದಾಖಲೆ ಇಲ್ಲ. ಒಂದು ಕಡೆ ಅದೇ ಹೆಸರಿನ, ಅದೇ ವಯಸ್ಸಿನ ಮಗು ಸಿಕ್ಕಿತು. ಖುಷಿಯಿಂದ ಆ ಮನೆತನವನ್ನು ಹಿಡಿದು ನೂರು ವರ್ಷ ಹಿಂದೆ ಹೋದರು. ಒಂದೂವರೆ ವರ್ಷದ ನಂತರ ಶವಸಂಸ್ಕಾರದ ವಹಿ ನೋಡಿದಾಗ ಆ ಮಗು ಎರಡನೆಯ ವಯಸ್ಸಿಗೇ ತೀರಿಕೊಂಡಿತ್ತು! ಅಷ್ಟೂ ಕೆಲಸ ಬೇರೆ ಯಾರದೋ ವಂಶಕ್ಕೆ ಮಾಡಿದ ಹಾಗಾಯಿತು. ವಂಶ ಹುಡುಕುವವರು ಮೊದಲು ಮಾಡಬೇಕಾದ ಕೆಲಸ, ಸಿಕ್ಕ ಮಗು ಬದುಕಿತ್ತೇ ಎಂದು ನೋಡುವುದು. ಆನ್‌ಲೈನ್ ಸೂಚಿಗಳು ಇದನ್ನು ನಿಮಗಾಗಿ ಮಾಡುವುದಿಲ್ಲ. ಹೆಸರು ಹೊಂದಿದರೆ ಸಾಕು, ಹಸಿರು ಎಲೆ ತೋರಿಸಿ ಸುಮ್ಮನಾಗುತ್ತವೆ.

ನಿಜವಾದ ಉತ್ತರ ಬೇರೆ ಕಡೆ ಇತ್ತು. ಆ ಅಜ್ಜಿಯ ತಂದೆ-ತಾಯಿ ಊರಿನ ಸರ್ಕಾರಿ ಚರ್ಚಿಗೆ ಸೇರಿದವರಾಗಿರಲಿಲ್ಲ. ಅವರು ನಾನ್‌ಕನ್ಫರ್ಮಿಸ್ಟರು. ಈ ಪದವನ್ನು ಸ್ವಲ್ಪ ಬಿಡಿಸಿ ಹೇಳಬೇಕು. 1662ರಲ್ಲಿ ಇಂಗ್ಲೆಂಡಿನಲ್ಲಿ ಒಂದು ಕಾಯ್ದೆ ಬಂತು, ಎಲ್ಲ ಪಾದ್ರಿಗಳೂ ಒಂದೇ ಪ್ರಾರ್ಥನಾಪುಸ್ತಕವನ್ನು ಒಪ್ಪಬೇಕು. ಸುಮಾರು ಎರಡು ಸಾವಿರ ಪಾದ್ರಿಗಳು ಒಪ್ಪದೆ ಕೆಲಸ ಕಳೆದುಕೊಂಡರು. ಅವರು ಮತ್ತು ಅವರ ಹಿಂದೆ ಹೋದವರು, ಮುಂದೆ ಸೇರಿಕೊಂಡ ಪಂಥದವರು, ಇಂಡಿಪೆಂಡೆಂಟರು, ಬ್ಯಾಪ್ಟಿಸ್ಟರು, ಪ್ರೆಸ್ಬಿಟೇರಿಯನ್ನರು, ಕ್ವೇಕರರು, ಆಮೇಲೆ ವೆಸ್ಲಿಯನ್ ಮೆಥಡಿಸ್ಟರು, ಇವರನ್ನೆಲ್ಲ ಒಟ್ಟಿಗೆ ಹೀಗೆ ಕರೆಯುತ್ತಾರೆ. 1840ರ ದಶಕದಲ್ಲಿ ಕನ್ನಡಕ್ಕೆ "ಯಾತ್ರಿಕನ ಸಂಚಾರ" ಎಂದು ಬಂದ ಪುಸ್ತಕದ ಮೂಲ ಲೇಖಕ ಜಾನ್ ಬನ್ಯನ್ ಇಂಥವನೇ. ಲಂಡನ್ನಿನಲ್ಲಿ ಇವರದೇ ಸ್ಮಶಾನ ಬನ್‌ಹಿಲ್ ಫೀಲ್ಡ್ಸ್‌ನಲ್ಲಿ ಅವನ ಸಮಾಧಿಯಿದೆ. ಹಾರ್ಡ್‌ವಿಕ್ ಕಾಯ್ದೆಯಿಂದಾಗಿ ಕ್ವೇಕರರು ಮತ್ತು ಯಹೂದಿಗಳನ್ನು ಬಿಟ್ಟು ಉಳಿದವರೆಲ್ಲ 1837ರವರೆಗೆ ಮದುವೆಗೆ ಮಾತ್ರ ಸರ್ಕಾರಿ ಚರ್ಚಿಗೇ ಬರಬೇಕಿತ್ತು. ಆದ್ದರಿಂದಲೇ ಆ ಅಜ್ಜಿಯ ಮದುವೆ ಒಂದು ವಹಿಯಲ್ಲಿ, ಹುಟ್ಟು ಇನ್ನೊಂದರಲ್ಲಿ.

ಇವರಿಗೆ ಒಂದು ಚಿಂತೆಯಿತ್ತು. ತಮ್ಮ ಚಾಪೆಲ್ಲಿನ ವಹಿಗೆ ಕೋರ್ಟಿನಲ್ಲಿ ಬೆಲೆ ಇಲ್ಲ, ನಾಳೆ ಮಗಳ ಆಸ್ತಿಯ ಪ್ರಶ್ನೆ ಬಂದರೆ ವಯಸ್ಸು ತೋರಿಸುವುದು ಹೇಗೆ? ಅದಕ್ಕೆ 1742ರಲ್ಲಿ ಲಂಡನ್ನಿನ ಡಾಕ್ಟರ್ ವಿಲಿಯಮ್ಸ್ ಗ್ರಂಥಾಲಯದಲ್ಲಿ ಒಂದು ಜನನ ನೋಂದಣಿ ಆರಂಭಿಸಿದರು. 1837ರವರೆಗೆ ಸುಮಾರು ಐವತ್ತು ಸಾವಿರ ಜನನಗಳು ಅಲ್ಲಿ ದಾಖಲಾದವು. ಆ ಪ್ರಮಾಣಪತ್ರದಲ್ಲಿ ಏನಿರುತ್ತಿತ್ತು ಗೊತ್ತೇ? ಮಗುವಿನ ಹೆಸರು, ಹುಟ್ಟಿದ ಸ್ಥಳ, ತಂದೆ, ತಾಯಿ, ಮತ್ತು ತಾಯಿಯ ತಂದೆ-ತಾಯಿಯರ ಹೆಸರು. ಅಂದರೆ ಮಗುವಿನ ಜೊತೆ ತಾಯಿಯ ತವರೂ ಬಂತು. ಕೆಳಗೆ ಹೆರಿಗೆಯ ಸಮಯದಲ್ಲಿ ಹಾಜರಿದ್ದವರ ಸಾಕ್ಷಿ. ಸರ್ಕಾರಿ ಚರ್ಚಿನ ಅಚ್ಚಿನ ಫಾರಂನಲ್ಲಿ ಇಲ್ಲದ ಒಂದು ಕಾಲಂ, ಕಾನೂನಿನ ಹೊರಗಿದ್ದವರ ಫಾರಂನಲ್ಲಿತ್ತು. ವೆಸ್ಲಿಯನ್ನರೂ 1818ರಿಂದ ತಮ್ಮದೇ ಇಂಥ ನೋಂದಣಿ ನಡೆಸಿದರು. ಅದರಲ್ಲೂ ಅಜ್ಜ-ಅಜ್ಜಿಯರ ಹೆಸರಿದೆ. ನನ್ನ ಸಹೋದ್ಯೋಗಿಗೆ ಒಂದೇ ಚರ್ಮಪತ್ರದ ಚೂರಿನಲ್ಲಿ ತನ್ನ ಅಜ್ಜಿ, ಅವಳ ತಾಯಿ, ತಾಯಿಯ ತಾಯಿ ಮೂವರೂ ಸಿಕ್ಕರು. ಎಂಟರಲ್ಲಿ ಮೂರು ಮೆಟ್ಟಿಲು ಒಂದೇ ಹೆಜ್ಜೆಗೆ.

1837ರ ಜುಲೈ 1ರಿಂದ ಇಂಗ್ಲೆಂಡಿನಲ್ಲಿ ಧರ್ಮ ಯಾವುದೇ ಇರಲಿ, ಸರ್ಕಾರವೇ ಜನನ-ಮರಣ ದಾಖಲಿಸಲು ಶುರುಮಾಡಿತು. ಆಗ ಚಾಪೆಲ್ಲುಗಳ ಹಳೆಯ ವಹಿಗಳನ್ನು ಸರ್ಕಾರ ತರಿಸಿಕೊಂಡಿತು. ಅವು ಈಗ ಲಂಡನ್ನಿನ ರಾಷ್ಟ್ರೀಯ ಪತ್ರಾಗಾರದಲ್ಲಿವೆ, ಚಿತ್ರಗಳು ಅಂತರ್ಜಾಲದಲ್ಲೂ ಇವೆ.

ಇದೆಲ್ಲ ಅವರ ಮನೆಯ ಕಥೆ, ನಮಗೇನು ಎಂದು ನೀವು ಕೇಳಬಹುದು. ನಾನೂ ಹಾಗೇ ಅಂದುಕೊಂಡಿದ್ದೆ. ಆದರೆ ಈ 1837ರ ಜುಲೈ ಎಂದು ಓದಿದಾಗ ಎಲ್ಲೋ ಕೇಳಿದ ಹಾಗಾಯಿತು. ನೋಡಿದರೆ, ಕನ್ನಡ ಶಾಸನಗಳ ಭೀಷ್ಮ ಬೆಂಜಮಿನ್ ಲೂಯಿಸ್ ರೈಸ್ ಬೆಂಗಳೂರಿನಲ್ಲಿ ಹುಟ್ಟಿದ್ದು ಅದೇ ತಿಂಗಳಲ್ಲಿ! ಇಂಗ್ಲೆಂಡಿನಲ್ಲಿ ಹುಟ್ಟಿದ್ದರೆ ಆ ಹೊಸ ಸರ್ಕಾರಿ ವಹಿಯ ಮೊದಲ ಮಕ್ಕಳಲ್ಲಿ ಒಬ್ಬರಾಗಿರುತ್ತಿದ್ದರು. ಅವರ ತಂದೆ ರೆವರೆಂಡ್ ಬೆಂಜಮಿನ್ ರೈಸ್ ಲಂಡನ್ ಮಿಷನರಿ ಸೊಸೈಟಿಯವರು. ಆ ಸೊಸೈಟಿ 1795ರಲ್ಲಿ ಹುಟ್ಟಿದ್ದು, ಹೆಚ್ಚಾಗಿ ಇಂಡಿಪೆಂಡೆಂಟರದೇ, ಅಂದರೆ ಮೇಲೆ ಹೇಳಿದ ನಾನ್‌ಕನ್ಫರ್ಮಿಸ್ಟರದು. ನಮ್ಮ ನಾಡಿಗೆ ಇವರ ಕಡೆಯಿಂದ ಮೊದಲು ಬಂದವರು ಜಾನ್ ಹ್ಯಾಂಡ್ಸ್, 1810ರಲ್ಲಿ ಬಳ್ಳಾರಿಗೆ. ಕನ್ನಡ ಬೈಬಲ್ ಅನುವಾದಿಸಿದ ಹ್ಯಾಂಡ್ಸ್, ಕನ್ನಡ-ಇಂಗ್ಲಿಷ್ ನಿಘಂಟು ಮಾಡಿದ ವಿಲಿಯಂ ರೀವ್, ಇವರೆಲ್ಲ ಒಂದೇ ಬಳಗ. ಅಂದರೆ ಇಂಗ್ಲೆಂಡಿನ ಸರ್ಕಾರಿ ಚರ್ಚಿನ ವಹಿಯ ಹೊರಗಿದ್ದ ಜನರ ಮಕ್ಕಳು ಬಂದು ನಮ್ಮ ಭಾಷೆಯ ವಹಿ ಬರೆದರು.

ಹಾಗಾದರೆ ರೈಸ್ ಅವರ ತಾಯಿಯನ್ನು ಹುಡುಕೋಣ ಅಂದುಕೊಂಡೆ. ಭಾರತದಲ್ಲಿ ಹುಟ್ಟಿದ ಇಂಗ್ಲಿಷರನ್ನು ಹುಡುಕುವ ದಾರಿ ಹೀಗಿದೆ. ಕಂಪನಿ ಸರ್ಕಾರದ ಪಾದ್ರಿಗಳು ತಮ್ಮ ವಹಿಯ ನಕಲನ್ನು ಪ್ರೆಸಿಡೆನ್ಸಿಗೆ ಕಳುಹಿಸುತ್ತಿದ್ದರು, ಅಲ್ಲಿಂದ ಅದು ಲಂಡನ್ನಿಗೆ ಹೋಗುತ್ತಿತ್ತು. ಆ ನಕಲುಗಳು ಈಗ ಬ್ರಿಟಿಷ್ ಲೈಬ್ರರಿಯಲ್ಲಿ ಮೂರು ಸಾಲಾಗಿವೆ: ಬಂಗಾಳ, ಮದ್ರಾಸು, ಬೊಂಬಾಯಿ. ಬೆಂಗಳೂರು, ಬಳ್ಳಾರಿ ಮದ್ರಾಸಿನ ಸಾಲಿನಲ್ಲಿ. ನಮ್ಮ ಬೆಳಗಾವಿ, ಧಾರವಾಡ, ಹಾಗೆಯೇ ಇಲ್ಲಿನ ಠಾಣೆ, ಕಲ್ಯಾಣ ಬೊಂಬಾಯಿಯ ಸಾಲಿನಲ್ಲಿ. ಈ ನಕಲುಗಳು ಮುಖ್ಯವಾಗಿ ಸರ್ಕಾರಿ ಚರ್ಚಿನವು. ಮಿಷನರಿಗಳನ್ನು ಹುಡುಕಲು ಸೊಸೈಟಿಯ ಕಾಗದಪತ್ರಗಳಿಗೇ ಹೋಗಬೇಕು. ಲಂಡನ್ ಮಿಷನ್ನಿನದೂ ವೆಸ್ಲಿಯನ್ ಮಿಷನ್ನಿನದೂ ಎರಡೂ ಲಂಡನ್ನಿನ ಸೋವಾಸ್ ಎಂಬ ವಿಶ್ವವಿದ್ಯಾಲಯದ ಒಂದೇ ಕಟ್ಟಡದಲ್ಲಿವೆ.

ಮಿಷನ್ನಿನ ವರದಿಗಳಲ್ಲಿ ಆ ತಾಯಿ ಇದ್ದಾರೆ, "ಮಿಸೆಸ್ ರೈಸ್" ಎಂದು. 1840ರ ದಶಕದ ಆರಂಭದಲ್ಲಿ ಬೆಂಗಳೂರು ಪೇಟೆಯ ಹೆಣ್ಣುಮಕ್ಕಳಿಗೆ ಕನ್ನಡ ಶಾಲೆ ತೆರೆದವರು ಮಿಸೆಸ್ ರೈಸ್ ಮತ್ತು ಮಿಸೆಸ್ ಸ್ಯೂವೆಲ್. ಹೆಣ್ಣುಮಕ್ಕಳಿಗೆ ಅಕ್ಷರ ಕಲಿಸಿದರೆ ಮನೆ ಹಾಳು ಎಂದು ನಂಬಿದ್ದ ಕಾಲ. ಗಂಡಂದಿರ ಪ್ರವಾಸ, ಪ್ರವಚನ, ಭಾಷಾಂತರ ಎಲ್ಲ ಹೆಸರು ಸಮೇತ ಇದೆ. ಆ ಶಾಲೆ ಕಟ್ಟಿದವರಿಗೆ ಮಾತ್ರ ಗಂಡನ ಹೆಸರೇ ಹೆಸರು. ಆಕೆಯ ಸ್ವಂತ ಹೆಸರು ಜೇನ್ ಪೀಚ್ ಸಿಂಗರ್. ಸಿಂಗರ್ ತವರಿನ ಅಡ್ಡಹೆಸರು. ನಡುವಿನ ಪೀಚ್ ನೋಡಿ. ಇಂಗ್ಲಿಷ್ ಮನೆತನಗಳಲ್ಲಿ ತಾಯಿಯ ಅಥವಾ ಅಜ್ಜಿಯ ತವರಿನ ಅಡ್ಡಹೆಸರನ್ನು ಮಗುವಿನ ನಡುವಿನ ಹೆಸರಾಗಿ ಇಡುವ ರೂಢಿ ಇತ್ತು. ವಂಶ ಹುಡುಕುವವರು ಇಂಥ ವಿಚಿತ್ರ ನಡುಹೆಸರು ಕಂಡರೆ ಮೊದಲು ಅದನ್ನೇ ಹಿಡಿಯುತ್ತಾರೆ. ಕಾಲಂ ಕೊಡದಿದ್ದರೆ ಹೆಂಗಸರು ಹೆಸರಿನೊಳಗೇ ತವರನ್ನು ಬಚ್ಚಿಟ್ಟರು ಎಂದು ನನಗೆ ಅನಿಸುತ್ತದೆ.

ತಂದೆ ಬೆಂಜಮಿನ್ ರೈಸ್ 1837ರಿಂದ 1887ರಲ್ಲಿ ತೀರಿಕೊಳ್ಳುವವರೆಗೆ, ಐವತ್ತು ವರ್ಷ, ಬೆಂಗಳೂರಿನ ಮಿಷನ್ನಿಗೆ ದುಡಿದರು. ಅವಿನ್ಯೂ ರಸ್ತೆಯಲ್ಲಿ ಪುಸ್ತಕದ ಅಂಗಡಿಗಳ ನಡುವೆ ಇರುವ ರೈಸ್ ಮೆಮೋರಿಯಲ್ ಚರ್ಚ್ ಅವರ ಹೆಸರಿನದು. ಕನ್ನಡ ಸಭೆಯ ಹಳೆಯ ಚಾಪೆಲ್ಲಿನ ಜಾಗದಲ್ಲಿ 1917ರಲ್ಲಿ ಎದ್ದದ್ದು. ಎಷ್ಟು ಸಲ ಅದರ ಮುಂದೆ ಹಳೆಯ ಇಂಜಿನಿಯರಿಂಗ್ ಪುಸ್ತಕಕ್ಕಾಗಿ ಚೌಕಾಶಿ ಮಾಡಿದ್ದೇನೋ, ಹೆಸರಿನ ಕಡೆ ತಲೆ ಎತ್ತಿ ನೋಡಿರಲಿಲ್ಲ. ಕನ್ನಡ ಸಾಹಿತ್ಯದ ಚರಿತ್ರೆಯನ್ನು ಇಂಗ್ಲಿಷಿನಲ್ಲಿ ಬರೆದ ಇ.ಪಿ. ರೈಸ್ ಕೂಡ ಇವರ ಮಗನೇ. ಆ ಪುಸ್ತಕ ಮೊದಲು ಬಂದದ್ದು 1915ರಲ್ಲಿ.

ಲೂಯಿಸ್ ರೈಸ್ ಅವರ ಹೆಂಡತಿಯದೂ ಹೇಳಬೇಕು. 1869ರಲ್ಲಿ ಅವರು ಮದುವೆಯಾದದ್ದು ಮೇರಿ ಸೋಫಿಯಾ ಗ್ಯಾರೆಟ್ ಅವರನ್ನು. ಆಕೆಯ ತಂದೆ ಜಾನ್ ಗ್ಯಾರೆಟ್ ಬೆಂಗಳೂರಿಗೆ ವೆಸ್ಲಿಯನ್ ಮಿಷನರಿಯಾಗಿ ಬಂದು, ಮಿಷನ್ನಿನ ಅಚ್ಚುಕೂಟ ನಡೆಸಿ, 1840ರ ದಶಕದಲ್ಲಿ ಭಗವದ್ಗೀತೆಯನ್ನು ಸಂಸ್ಕೃತ, ಕನ್ನಡ, ಇಂಗ್ಲಿಷ್ ಮೂರರಲ್ಲೂ ಒಟ್ಟಿಗೆ ಅಚ್ಚು ಹಾಕಿದವರು. ಪಾದ್ರಿ ಗೀತೆ ಅಚ್ಚು ಹಾಕಿದ್ದು ಅವರ ಮಿಷನ್ನಿನವರಿಗೆ ಎಷ್ಟು ಹಿಡಿಸಿತೋ! ಮುಂದೆ ಅವರು ಮೈಸೂರಿನ ಶಿಕ್ಷಣ ನಿರ್ದೇಶಕರಾದರು, ಅದೇ ಹುದ್ದೆಗೆ ಅಳಿಯ ರೈಸ್ ಬಂದರು. ಹಾಗಾಗಿ ಈ ಒಂದು ಮನೆಯ ವಂಶ ಹುಡುಕುವವರು ಇಂಡಿಪೆಂಡೆಂಟರ ವಹಿಯನ್ನೂ ನೋಡಬೇಕು, ವೆಸ್ಲಿಯನ್ನರದನ್ನೂ ನೋಡಬೇಕು.

ಈಗ ನನ್ನನ್ನು ನಿಜವಾಗಿ ನಿಲ್ಲಿಸಿದ ವಿಷಯ. ರೈಸ್ ಅವರು ಮೈಸೂರು ಸಂಸ್ಥಾನದ ಊರೂರು ಸುತ್ತಿ ಸುಮಾರು ಒಂಬತ್ತು ಸಾವಿರ ಶಾಸನಗಳನ್ನು ಎಪಿಗ್ರಾಫಿಯಾ ಕರ್ನಾಟಿಕಾದ ಹನ್ನೆರಡು ಸಂಪುಟಗಳಲ್ಲಿ ಅಚ್ಚು ಹಾಕಿಸಿದರು. ಶ್ರವಣಬೆಳಗೊಳದ ಸಂಪುಟ ಬಂದದ್ದು 1889ರಲ್ಲಿ. ಅದರಲ್ಲಿ ಹೊಯ್ಸಳ ವಿಷ್ಣುವರ್ಧನನ ರಾಣಿ ಶಾಂತಲೆಗೆ ಸಂಬಂಧಿಸಿದ 1131ರ ಕಾಲದ ಶಾಸನವೂ ಇದೆ. ಶಾಂತಲೆಯನ್ನು ನಾವೆಲ್ಲ ಕಾದಂಬರಿಗಳಿಂದ ಬಲ್ಲೆವು, ಬೇಲೂರಿನಿಂದ ಬಲ್ಲೆವು. ಅವಳು ಶಿವಗಂಗೆಯಲ್ಲಿ ತೀರಿಕೊಂಡಳು. ಮಗಳ ದುಃಖ ತಾಳದ ತಾಯಿ ಬೆಳಗೊಳಕ್ಕೆ ಬಂದು ಒಂದು ತಿಂಗಳು ಉಪವಾಸವಿದ್ದು ಸಲ್ಲೇಖನದಿಂದ ದೇಹ ಬಿಟ್ಟಳು. ಆ ಕಲ್ಲು ಅವಳನ್ನು "ಶಾಂತಲೆಯ ತಾಯಿ", "ಮಾರಸಿಂಗಯ್ಯನ ಹೆಂಡತಿ" ಎಂದಷ್ಟೇ ಹೇಳಿ ಬಿಡುವುದಿಲ್ಲ. ಅವಳ ಹೆಸರು ಮಾಚಿಕಬ್ಬೆ. ಅವಳ ತಂದೆ ಬಲದೇವ, ತಾಯಿ ಬಾಚಿಕಬ್ಬೆ. ಶಾಂತಲೆ, ಮಾಚಿಕಬ್ಬೆ, ಬಾಚಿಕಬ್ಬೆ. ಮಗಳು, ತಾಯಿ, ತಾಯಿಯ ತಾಯಿ. ಡಾಕ್ಟರ್ ವಿಲಿಯಮ್ಸ್ ಗ್ರಂಥಾಲಯದ ಚರ್ಮಪತ್ರಕ್ಕಿಂತ ಆರುನೂರು ವರ್ಷ ಮೊದಲು, ಅದೇ ಕಾಲಂ, ಕನ್ನಡ ಕಲ್ಲಿನ ಮೇಲೆ.

ಅವಳು ರಾಣಿ, ಅವರದು ದಂಡನಾಯಕರ ಮನೆ, ನಿಜ. ಹೊಲದಲ್ಲಿ ಕಳೆ ಕೀಳುತ್ತಿದ್ದವಳ ತಾಯಿಯ ಹೆಸರನ್ನು ಯಾರೂ ಕಲ್ಲಿಗೆ ಹಾಕಲಿಲ್ಲ. ಅಲ್ಲಿ ಇಂಗ್ಲೆಂಡಿನ ವಹಿಗೆ ನಾನು ಒಂದು ಅಂಕ ಜಾಸ್ತಿ ಕೊಡುತ್ತೇನೆ, ಅದರಲ್ಲಿ ಕೂಲಿಯವಳೂ ಇದ್ದಾಳೆ, ಬರಿಯ ಮೇರಿ ಎಂದಾದರೂ.

ನಮ್ಮಂಥವರ ದಾಖಲೆ ಎಲ್ಲಿದೆ? ಹೆಳವರದ್ದು ಹೇಳಿದೆ. ಇನ್ನೊಂದು ನಮಗೆ ಹತ್ತಿರದ್ದು, ಕಲ್ಯಾಣದಿಂದ ರೈಲು ಹತ್ತಿದರೆ ಸುಮಾರು ಮೂರು ಗಂಟೆ, ನಾಸಿಕದ ರಾಮಕುಂಡ. ಅಲ್ಲಿನ ತೀರ್ಥಪುರೋಹಿತರ ಬಳಿ ಊರು, ಅಡ್ಡಹೆಸರಿನ ಪ್ರಕಾರ ಯಾತ್ರಿಕರ ವಹಿಗಳಿವೆ. ಬಂದವರು ತಮ್ಮ ಕೈಬರಹದಲ್ಲೇ ಬರೆದದ್ದೂ ಇದೆ. ಹರಿದ್ವಾರದ ಇಂಥ ವಹಿಗಳನ್ನು ಅಮೆರಿಕದ ಯೂಟಾ ಪ್ರಾಂತದ ವಂಶಾವಳಿ ಸಂಸ್ಥೆಯವರು ಮೈಕ್ರೋಫಿಲ್ಮ್ ಕೂಡ ಮಾಡಿದ್ದಾರೆ. ಉಲ್ಹಾಸನಗರದ ಕಡೆಯ ನನ್ನ ಒಬ್ಬ ಸಿಂಧಿ ಗೆಳತಿ ಹೇಳುತ್ತಿದ್ದಳು, 1947ರಲ್ಲಿ ಎಲ್ಲ ಬಿಟ್ಟು ಬಂದ ಅವಳ ಅಜ್ಜನಿಗೆ ತಾನು ಯಾರ ಮಗ ಎನ್ನುವ ಒಂದೇ ಲಿಖಿತ ಪುರಾವೆ ಹರಿದ್ವಾರದ ವಹಿಯಲ್ಲಿ ಸಿಕ್ಕಿತಂತೆ.

ನಾವೂ ಫೆಬ್ರವರಿಯಲ್ಲಿ ನಾಸಿಕಕ್ಕೆ ಹೋದೆವು. ಊರಿನ ಹೆಸರು ಹೇಳಿ ಅರ್ಧ ಗಂಟೆಯೊಳಗೆ ಪುರೋಹಿತರು ಪುಟ ತೆರೆದರು. ಅವ್ವನ ತಾಯಿಯ ಕಡೆಯ ಹಿರಿಯರು ಬಂದು ಹೋಗಿದ್ದಾರೆ. ದೊಡ್ಡವ್ವನ ಗಂಡ ಬಂದು ಹೋಗಿದ್ದಾರೆ! ಕನ್ನಡದ ಸಹಿ, ಮಸಿ ಸ್ವಲ್ಪ ಹರಡಿದೆ. ತಂದೆ, ಅಜ್ಜ, ತಮ್ಮಂದಿರು, ಗಂಡುಮಕ್ಕಳು ಎಲ್ಲರ ಹೆಸರೂ ಇವೆ. ಕೊನೆಯಲ್ಲಿ ಒಂದು ಪದ: "ಸಹಕುಟುಂಬ". ದೊಡ್ಡವ್ವ ಅಲ್ಲೇ ಪಕ್ಕದಲ್ಲಿ ಒದ್ದೆ ಸೀರೆಯಲ್ಲಿ ನಿಂತಿದ್ದಾಳೆ, ಆ ಪದದೊಳಗೆ. ನನಗೆ ಮಿಸೆಸ್ರೈಸ್ ನೆನಪಾದರು.

ಇದು ಹಳೆಯ ಕಾಲದ ಮಾತಷ್ಟೇ ಎಂದುಕೊಳ್ಳಬೇಡಿ. ಇಂಗ್ಲೆಂಡಿನ ಮದುವೆಯ ಪ್ರಮಾಣಪತ್ರದಲ್ಲಿ 1837ರಿಂದ ಇಬ್ಬರ ತಂದೆಯ ಹೆಸರು, ಕಸುಬು ಇತ್ತು. ತಾಯಿಯ ಹೆಸರಿಗೆ ಜಾಗ ಸಿಕ್ಕಿದ್ದು 2021ರ ಮೇ 4ರಂದು. ನಮ್ಮ ಮಹಾರಾಷ್ಟ್ರ ಸರ್ಕಾರ 2024ರ ಮೇ 1ರಿಂದ ಹುಟ್ಟಿದ ಮಕ್ಕಳ ಸರ್ಕಾರಿ ದಾಖಲೆಗಳಲ್ಲಿ ಮಗುವಿನ ಹೆಸರು, ತಾಯಿಯ ಹೆಸರು, ತಂದೆಯ ಹೆಸರು, ಅಡ್ಡಹೆಸರು ಎಂಬ ಕ್ರಮವನ್ನು ಕಡ್ಡಾಯ ಮಾಡಿತು. ನಮ್ಮಲ್ಲಿ ಹಲವರಿಗೆ ಮದುವೆಯಾಗಿ ಇಲ್ಲಿಗೆ ಬಂದಾಗ ಹೆಸರಿನ ನಡುವೆ ಅಪ್ಪ ಹೋಗಿ ಗಂಡ ಬಂದದ್ದು, ಊರಿನ ಇನಿಶಿಯಲ್ ಮಾಯವಾದದ್ದು, ಬ್ಯಾಂಕು, ಪ್ಯಾನ್, ಆಧಾರ್ ಮೂರರಲ್ಲಿ ಮೂರು ಹೆಸರಾದದ್ದು ಅನುಭವವಿದೆ. ಇನ್ನೂರು ವರ್ಷದ ನಂತರ ನಮ್ಮನ್ನು ಹುಡುಕುವವಳಿಗೆ ಈ ಮೂವರೂ ಒಬ್ಬಳೇ ಎಂದು ಯಾರು ಹೇಳುತ್ತಾರೆ?

ನಾಸಿಕದಿಂದ ಬಂದ ಮೇಲೆ ಅವ್ವ ಫೋನಿನಲ್ಲಿ ಹೇಳಿದಳು, "ಮಾಳಿಗೆ ಮ್ಯಾಲ ಅಜ್ಜಿಯ ತಾಮ್ರದ ಚೊಂಬು ಅದ ನೋಡು, ದೊಡ್ಡವ್ವಂದ. ನೀ ಮುಂಬೈಗೆ ಹೋಗುವಾಗ ಕೊಟ್ಟಿದ್ದೆ." ವಿಠ್ಠಲವಾಡಿಯ ನಮ್ಮ ಫ್ಲಾಟಿನ ಲಾಫ್ಟಿನಲ್ಲಿ ಹನ್ನೆರಡು ವರ್ಷದಿಂದ ಹಳೆಯ ಪೇಪರಿನಲ್ಲಿ ಸುತ್ತಿಟ್ಟಿದ್ದೆ. ಹುಣಸೆಹಣ್ಣು ಹಾಕಿ ತಿಕ್ಕಿದೆ. ಕುತ್ತಿಗೆಯ ಕೆಳಗೆ ಚುಕ್ಕಿ ಚುಕ್ಕಿಯಾಗಿ ಕೊರೆದ ಅಕ್ಷರಗಳು ಬಂದವು. ಮದುವೆಗೆ ತವರಿನವರು ಕೊಟ್ಟ ಪಾತ್ರೆಗಳ ಮೇಲೆ ಹೆಸರು ಕೊರೆಸುವುದು ನಮ್ಮಲ್ಲಿ ಎಲ್ಲರೂ ಮಾಡುತ್ತಿದ್ದದ್ದೇ. ಪಾತ್ರೆ ಅದಲುಬದಲಾಗದಿರಲಿ ಎಂದು ಕೊರೆಸಿದ್ದು, ನನಗೆ ಪ್ಯಾರಿಷ್ ವಹಿಯಾಯಿತು. ಅದರಲ್ಲಿ ಮೂರು ಸಂಗತಿಗಳಿವೆ: ಕೊಟ್ಟವರ, ಬಹುಶಃ ಅವಳ ಅಣ್ಣನ, ಹೆಸರು, ಊರಿನ ಮೊದಲ ಎರಡು ಅಕ್ಷರ, ಮತ್ತು ಒಂದು ಸ್ವಲ್ಪ ದೂರದಲ್ಲಿ, ಬೇರೆ ಕೈ ಕೊರೆದಂತೆ ಕಾಣುವ, ಹೆಣ್ಣುಮಗಳ ಹೆಸರು. ಮೂರಕ್ಷರದ್ದು. ಮಧ್ಯದ ಅಕ್ಷರ ತಿಕ್ಕಿ ತಿಕ್ಕಿ ಸವೆದುಹೋಗಿದೆ.

ಮೇ ತಿಂಗಳಲ್ಲಿ ಊರಿಗೆ ಹೋಗುವಾಗ ಚೊಂಬನ್ನೂ ಒಯ್ಯುತ್ತೇನೆ. ಆ ಎರಡು ಅಕ್ಷರದಿಂದ ಶುರುವಾಗುವ ಊರುಗಳು ನಮ್ಮ ತಾಲೂಕಿನ ಸುತ್ತ ನಾಲ್ಕಿವೆ. ನಿಮ್ಮ ಲಾಫ್ಟಿನಲ್ಲೂ ಇಂಥ ಪಾತ್ರೆ ಇದ್ದರೆ, ಪಾಲಿಶಿಗೆ ಕೊಡುವ ಮೊದಲು ಒಂದು ಫೋಟೋ ತೆಗೆದಿಡಿ.